ಮೈಕಿನವನ ದವಡೆ

ಮದುವೆಗಾಗಲಿ ಚುನಾವಣೆಗಾಗಲಿ, ಊರಿಗೆಲ್ಲ ಅವನೊಬ್ಬನೇ ಮೈಕಿನವನು. ತಾನಾಗಿ ಮಾತಾಡುವುದು ಮಾತ್ರ ಕಡಿಮೆ. ಇವರು ಬಾಯಿಯನ್ನೂ ಬಾಡಿಗೆಗೆ ಕೊಟ್ಟುಬಿಟ್ಟಿದ್ದಾರೆ ಎಂದು ಹೆಂಡತಿ ನಗುತ್ತಿದ್ದಳು.

ನೂಲಿನ ಗಿರಣಿಗೆ ಬೆಂಕಿ ಬಿತ್ತು. ಹಿಂಬಾಗಿಲಿಗೆ ಬೀಗ ಜಡಿದಿದ್ದರಿಂದ ಏಳು ಹೆಂಗಸರು ಒಳಗೇ ಬೆಂದುಹೋದರು. ಅವರಲ್ಲಿ ಒಬ್ಬಳು ಅವನ ನಾದಿನಿ. ಬಳೆ ನೋಡಿ ಅವಳ ಗುರುತು ಹಿಡಿಯಬೇಕಾಯಿತು.

ಬದುಕುಳಿದವರು ನ್ಯಾಯ ಕೇಳಿ ಮೈದಾನದಲ್ಲಿ ಧರಣಿ ಕೂತರು. ರಸ್ತೆಗಿಳಿಯಬಾರದು, ಸಂಜೆಯಾದ ಮೇಲೆ ಕೂರಬಾರದು ಎಂಬ ಷರತ್ತು ಹಾಕಿ ಪೊಲೀಸರೇ ಅನುಮತಿ ಕೊಟ್ಟಿದ್ದರು. ಮೈಕಿಗೂ ಒಪ್ಪಿಗೆ ಇತ್ತು. ಯಾರೂ ಗೆರೆ ದಾಟಿರಲಿಲ್ಲ. ಆದರೂ ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದು, ಅನುಮತಿ ರದ್ದಾಗಿದೆ, ಮೈಕು ಆರಿಸು ಎಂದು ಮೈಕಿನವನಿಗೆ ಹೇಳಿದ.

"ಆದೇಶ ತೋರ್ಸಿ ಸಾರ್, ಈಗ್ಲೇ ಆರಿಸ್ತೀನಿ."

ಮೊದಲ ಏಟು ಅವನ ಬಲ ಮೊಣಕೈಗೆ ಬಿತ್ತು. ಅದೇ ಹೊತ್ತಿಗೆ ಪೊಲೀಸರು ಸಾಲುಸಾಲಾಗಿ ಹೆಂಗಸರ ಮೇಲೆ ಮುಗಿಬಿದ್ದರು. ತಲೆಗಳು ಒಡೆದವು, ಸೆರಗುಗಳು ರಕ್ತದಲ್ಲಿ ತೊಯ್ದವು. ಮೈಕು ಇನ್ನೂ ಆರಿರಲಿಲ್ಲ. ಲಾಠಿ ಬೀಳುವ ಸದ್ದು, ಮೂಳೆ ಮುರಿಯುವ ಸದ್ದು, ಅಮ್ಮಾ ಎಂಬ ಕೂಗು ಎಲ್ಲವೂ ಕಂಬದ ಮೇಲಿನ ಹಾರನ್ನುಗಳಿಂದ ಪೇಟೆಗೆಲ್ಲ ಕೇಳಿಸಿತು. ಕಿರಿದಾದ ಗೇಟಿನತ್ತ ನುಗ್ಗಿದವರು ಒಬ್ಬರನ್ನೊಬ್ಬರು ತುಳಿಯತೊಡಗಿದರು. ಸತ್ತವಳೊಬ್ಬಳ ಅಣ್ಣ ಕಲ್ಲೆತ್ತಿಕೊಂಡ.

ಮೈಕಿನವನು ಎಡಗೈಯಲ್ಲಿ ಮೈಕು ಹಿಡಿದ. "ಓಡ್ಬೇಡ್ರಮ್ಮಾ, ಕೂತ್ಕೊಳ್ಳಿ. ಕಲ್ಲು ಕೆಳಗೆ ಹಾಕಪ್ಪಾ. ಕೂತವರನ್ನ ಹೊಡೀಲಿ, ಊರು ನೋಡ್ಲಿ."

ಮುಂದಿನ ಏಟಿಗೆ ಅವನ ದವಡೆ ಎರಡಾಯಿತು.

ಆಸ್ಪತ್ರೆಯಲ್ಲಿ ತಂತಿಯಿಂದ ಹಲ್ಲು ಬಿಗಿದರು. ಅಲ್ಲಿ ಮಲಗಿದ್ದಾಗಲೇ ಅವನ ಮೇಲೆ ಮೊಕದ್ದಮೆಯೂ ಬಿತ್ತು: ಗಲಭೆಗೆ ಪ್ರಚೋದನೆ. ಮೂರು ವರ್ಷ ಕೋರ್ಟಿಗೆ ಅಲೆದ. ಕೊನೆಗೆ ಪೇಟೆಯ ಕಟುಕ ಸಾಕ್ಷಿ ಕಟಕಟೆ ಹತ್ತಿ, ಇವನು ಹೇಳಿದ್ದು ಕೂರಿ ಅಂತ, ಇಡೀ ಬೀದಿಯೇ ಕೇಳಿದೆ ಎಂದ. ಜಾಗ, ಹೊತ್ತು ಗೊತ್ತುಮಾಡುವುದು ಪೊಲೀಸರ ಅಧಿಕಾರ, ಶಾಂತವಾಗಿ ಕೂರುವುದು ಜನರ ಹಕ್ಕು, ಕೂತವರನ್ನು ಹೊಡೆಯುವುದು ಯಾರ ಅಧಿಕಾರವೂ ಅಲ್ಲ ಎಂದು ನ್ಯಾಯಾಧೀಶರು ಅವನನ್ನು ಬಿಟ್ಟರು. ಬಾಗಿಲಿಗೆ ಬೀಗ ಹಾಕಿಸಿದ್ದಕ್ಕೆ ಗಿರಣಿಯ ಮಾಲೀಕನಿಗೆ ಜೈಲಾಯಿತು. ಇನ್‌ಸ್ಪೆಕ್ಟರನಿಗೆ ಮಾತ್ರ ಏನೂ ಆಗಲಿಲ್ಲ, ಬೇರೆ ಠಾಣೆಗೆ ಹೋದ ಅಷ್ಟೇ.

ಈಗಲೂ ಧರಣಿಗಳಿಗೆ ಅವನದೇ ಮೈಕು. ಮಾತು ತೊದಲುತ್ತದೆ. ಪೊಲೀಸರು ಬಂದರೆ ಎದ್ದು ಹಿಂದಿನ ಸಾಲಿಗೆ ಹೋಗಿ ಕೂರುತ್ತಾನೆ. ಹೆದರಿಕೆನಾ ಎಂದು ಹೆಂಡತಿ ಒಮ್ಮೆ ಕೇಳಿದಳು.

"ಹೆದರಿಕೆ ಅಲ್ಲ ಕಣೇ. ಖಾಕಿ ಹಾಕ್ದೋನ್ನ ಕಂಡ್ರೆ ಕುತ್ತಿಗೆ ಮುರೀಬೇಕು ಅನ್ಸುತ್ತೆ. ಕೈಗೆ ಸಿಗದಷ್ಟು ದೂರ ಕೂರೋದೇ ವಾಸಿ."