ಹಳಿಯ ಬಳಿ ಕಿವಿಗೊಡುವ ಬಸ್ಸು

“ಅಮ್ಮಾ, ಮಾರ್ಲಿಸ್‌ಗೆ ಕಿವಿ ಕೇಳಿಸಲ್ವಾ?”

ಶಾಲೆಯಿಂದ ಬಂದ ಮಗಳು ಲಿನಿಯ, ತನ್ನ ಬೂಟಿನೊಳಗೆ ಸಿಕ್ಕಿಕೊಂಡ ಕಾಲುಚೀಲವನ್ನು ಎಳೆಯುತ್ತಾ ಕೇಳಿದಳು. ಸಾರಿಗೆ ಉಪ್ಪು ಹಾಕುತ್ತಿದ್ದ ಬ್ರಿಟಾಳ ಕೈ ಪಾತ್ರೆಯ ಮೇಲೆ ಹಾಗೇ ನಿಂತಿತು.

“ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಿಲ್ಲ. ಇವತ್ತು ಬಸ್ಸು ಹಳಿ ಹತ್ರ ನಿಂತಾಗ ಕಿರೀಟದ ಹಕ್ಕಿ ಕೂಗ್ತು. ನಾವೆಲ್ರೂ ಕೈ ಎತ್ತಿದ್ವಿ. ಅವ್ರು ಕನ್ನಡೀಲಿ ನಮ್ಮ ಕೈಗಳನ್ನೇ ನೋಡ್ತಾ ಕೂತ್ರು. ಆಮೇಲೆ ನನ್ನ ಕಡೆ ತಿರುಗಿ, ‘ಯಾವುದು ಪುಟ್ಟಿ?’ ಅಂತ ಮೆಲ್ಲಗೆ ಕೇಳಿದ್ರು. ಯಾವತ್ತೂ ಹಂಗೆ ಕೇಳಲ್ಲ ಅವ್ರು. ಅವ್ರೇ ನಮಗೆ ಹೇಳ್ತಾರೆ.”

“ಕೈ ತೊಳ್ಕೊ ಹೋಗು,” ಎಂದಳು ಬ್ರಿಟಾ. ಏಳು ವರ್ಷದ ಮಗಳು ಬಚ್ಚಲಿಗೆ ಓಡಿದಳು.

ಮಾರ್ಲಿಸ್ ಹಾಲ್ವರ್ಸನ್ ಸರೋವರದ ಈ ಉತ್ತರ ದಂಡೆಯಲ್ಲಿ ಶಾಲೆಯ ಹಳದಿ ಬಸ್ಸು ಓಡಿಸತೊಡಗಿ ಇಪ್ಪತ್ತಾರು ಚಳಿಗಾಲ ಕಳೆದಿವೆ. ಬ್ರಿಟಾ ಕೂಡ ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಕಾಲು ತೂಗಾಡಿಸುತ್ತಾ ಶಾಲೆಗೆ ಹೋದವಳು. ಬಸ್ಸು ಗುಡ್ಡದ ಮೇಲಿನ ಮನೆಗಳಿಂದ ಮಕ್ಕಳನ್ನು ಹತ್ತಿಸಿಕೊಂಡು ನೀರಿನಂಚಿಗೆ ಇಳಿಯುತ್ತದೆ. ಆಚೆ ದಡ ಕಾಣದಷ್ಟು ದೊಡ್ಡ ನೀರು. ಊರವರು ಮಾತ್ರ ಅದನ್ನು ಬರೀ ‘ಕೆರೆ’ ಎನ್ನುತ್ತಾರೆ. ಶಾಲೆಗೆ ಅರ್ಧ ಮೈಲಿ ಇರುವಾಗ, ಗಣಿಯಿಂದ ಬಂದರಿಗೆ ಅದಿರು ಸಾಗಿಸುವ ರೈಲಿನ ಹಳಿ ರಸ್ತೆಗೆ ಅಡ್ಡ ಬರುತ್ತದೆ.

ಹಳಿ ಬಂದರೆ ಶಾಲೆಯ ಬಸ್ಸು ನಿಲ್ಲಲೇಬೇಕು, ಬಾಗಿಲು ತೆರೆದು ಕಿವಿಗೊಡಲೇಬೇಕು. ಅದು ಕಾನೂನು. ಬೇರೆ ಚಾಲಕರು ಬಾಗಿಲನ್ನು ಒಮ್ಮೆ ತೆರೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿ ಹೊರಡುತ್ತಾರೆ. ಮಾರ್ಲಿಸ್ ಹಾಗಲ್ಲ. ಹೀಟರಿನ ಫ್ಯಾನು ಆರಿಸುತ್ತಾಳೆ, ರೇಡಿಯೊ ಆರಿಸುತ್ತಾಳೆ, ತನ್ನ ಪಕ್ಕದ ಕಿಟಕಿಯನ್ನೂ ಸರಿಸಿ ಒಂದು ಬೆರಳು ಮೇಲೆತ್ತುತ್ತಾಳೆ. ಹಿಂದಿನ ಸೀಟಿನಲ್ಲಿ ಕಿತ್ತಾಡುತ್ತಿದ್ದವರ ಬಾಯಿಗೂ ಬೀಗ ಬೀಳುತ್ತದೆ. ಇಪ್ಪತ್ತು ಎಣಿಸುವಷ್ಟು ಹೊತ್ತು ಬಸ್ಸಿಗೆ ಬಸ್ಸೇ ಉಸಿರು ಹಿಡಿದು ಕೂರುತ್ತದೆ. ಒಂದು ಕಡೆ ಕೆರೆಯ ಮಂಜುಗಡ್ಡೆ ನರಳುತ್ತಾ ಬಿರುಕು ಬಿಡುವ ಸದ್ದು, ಇನ್ನೊಂದು ಕಡೆ ಸೀಡರ್ ಮರಗಳು. ಆ ಮೌನದಲ್ಲಿ ರೈಲು ಎಲ್ಲೋ ಅಪರೂಪಕ್ಕೆ ಕೇಳಿಸೀತು. ಚಳಿ ಮುಗಿಯುತ್ತಾ ಬಂದರೆ ಹಕ್ಕಿಯಂತೂ ಕೇಳಿಸಿಯೇ ಕೇಳಿಸುತ್ತದೆ.

ಕೇಳಿಸಿದವರು ಮಾತಾಡುವ ಹಾಗಿಲ್ಲ, ಕೈ ಎತ್ತಬೇಕು. ಮಾರ್ಲಿಸ್ ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ಕೈಗಳನ್ನು ನೋಡಿ, ಬಾಗಿಲು ಮುಚ್ಚಿ, ಹಳಿ ದಾಟಿದ ಮೇಲೆ ಹಕ್ಕಿಯ ಹೆಸರು ಹೇಳುತ್ತಾಳೆ. ಫೆಬ್ರವರಿ ಕೊನೆಗೆ ಕಾಗೆ. ಮಾರ್ಚಿನಲ್ಲಿ ಕಡಲಹಕ್ಕಿಗಳ ಜಗಳ. ಆಮೇಲೆ ರೆಕ್ಕೆಯಲ್ಲೇ ಸೀಟಿ ಹೊಡೆದುಕೊಂಡು ಹಾರುವ ಬಾತು, ಕೆಂಪೆದೆಯ ರಾಬಿನ್. ಏಪ್ರಿಲ್ ಹುಟ್ಟುವ ಹೊತ್ತಿಗೆ ಕಿರೀಟದ ಹಕ್ಕಿ. ಹೆಬ್ಬೆರಳಿನಷ್ಟೇ ಗಾತ್ರ, ನೆತ್ತಿಯ ಮೇಲೆ ಅರಿಶಿನದ ಗೆರೆ, ದನಿಯೋ ಸೂಜಿಯ ಮೊನೆಯಂತೆ ಸಣ್ಣ.

ಬ್ರಿಟಾ ಮೂರನೇ ತರಗತಿಯಲ್ಲಿದ್ದಾಗ ಒಬ್ಬ ಇನ್‌ಸ್ಪೆಕ್ಟರು ಬಸ್ಸು ಹತ್ತಿದ್ದ. ಹಳಿಯ ಬಳಿ ಗಡಿಯಾರ ನೋಡಿಕೊಂಡು, “ಇಷ್ಟು ಹೊತ್ತು ಯಾಕಮ್ಮಾ? ಐದು ಸೆಕೆಂಡು ಸಾಕಲ್ಲ,” ಎಂದ. ಮಾರ್ಲಿಸ್ ಸ್ಟೀರಿಂಗ್ ಬಿಟ್ಟು ಪೂರ್ತಿ ಅವನ ಕಡೆಗೆ ತಿರುಗಿದಳು.

“ಸ್ವಾಮಿ, ನಂಗೆ ಇಲ್ಲಿ ಕಿರೀಟದ ಹಕ್ಕಿ ಕೇಳಿಸುತ್ತೆ. ಅದು ಕೇಳಿಸೋವಷ್ಟು ಸುಮ್ನಿದ್ರೆ ರೈಲು ತಪ್ಪಿಸ್ಕೊಂಡು ಎಲ್ಲಿಗೆ ಹೋಗುತ್ತೆ? ಅದು ಕೇಳಿಸದ ದಿನ ನಾನೇ ಬಸ್ಸು ಓಡಿಸೋದು ನಿಲ್ಲಿಸ್ತೀನಿ. ನೀವು ಕೂತ್ಕೊಳಿ.”

ಅವನು ಕೂತ. ಈ ಮಾತನ್ನು ಅಂದು ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಮನೆಮನೆಗೆ ಹೊತ್ತು ತಂದರು. ಆ ದಿನ ತಾನೂ ಅದೇ ಬಸ್ಸಿನಲ್ಲಿದ್ದೆ ಎಂದು ಹೇಳಿಕೊಳ್ಳುವುದು ಇವತ್ತಿಗೂ ಈ ದಂಡೆಯಲ್ಲಿ ಒಂದು ಹೆಮ್ಮೆ.

ಲಿನಿಯ ಪ್ರಶ್ನೆ ಕೇಳಿದ ಆ ಶುಕ್ರವಾರ ಸಂಜೆ ಬ್ರಿಟಾ ಮಗಳನ್ನು ಕರೆದುಕೊಂಡು ಐನಾರನ ಮೀನಂಗಡಿಗೆ ಹೋದಳು. ಹೊಗೆ ಹಾಕಿದ ಹೆರಿಂಗ್ ಮೀನು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅಲ್ಲಿಯ ಕರಿಹಲಗೆ ನೋಡಬೇಕಿತ್ತು. ವರ್ಷದ ಮೊದಲ ಹಕ್ಕಿಗಳನ್ನು ಊರು ಬರೆಯುವುದು ಅದರ ಮೇಲೆ: ಹಕ್ಕಿ, ತಾರೀಕು, ಕಂಡವರ ಹೆಸರು. ಹಲಗೆ ಐನಾರನದು, ಅಂಗಡಿ ಐನಾರನದು, ಒರೆಸುವ ಬಟ್ಟೆ ಮಾತ್ರ ಇಪ್ಪತ್ತಾರು ವರ್ಷದಿಂದ ಮಾರ್ಲಿಸ್ ಕೈಯಲ್ಲಿ. ಆಕೆ ಒಪ್ಪದ ಹಕ್ಕಿ ಹಲಗೆಯ ಮೇಲೆ ಸಂಜೆಯತನಕ ಉಳಿಯುತ್ತಿರಲಿಲ್ಲ.

ಈ ಮಂಗಳವಾರವೇ ಅದರ ಮೇಲೆ ದೊಡ್ಡ ಜಗಳ ನಡೆದಿತ್ತು. ಬಲೆಯ ಶೆಡ್ಡಿನ ಹಿಂದೆ ಕಿರೀಟದ ಹಕ್ಕಿಯನ್ನು ಕಣ್ಣಾರೆ ಕಂಡೆನೆಂದು ಐನಾರ್ ಬರೆದಿದ್ದ. “ಹಳಿ ಹತ್ರ ಅದಿನ್ನೂ ಕೂಗಿಲ್ಲ, ಅಂದ್ರೆ ಬಂದಿಲ್ಲ. ನಿಂಗೆ ಮೀನಿನ ಹೊಗೆ ಕಣ್ಣಿಗೆ ಏರಿದೆ,” ಎಂದು ಮಾರ್ಲಿಸ್ ಒರೆಸಿ ಹಾಕಿದ್ದಳು. “ನಿನ್ನ ಬ್ರೇಕು ಕಿರುಗುಟ್ಟಿದ್ರೂ ಹಕ್ಕಿ ಅಂತ ಬರೀತೀಯಲ್ಲ, ಅದಕ್ಕಿಂತ ವಾಸಿ!” ಎಂದು ಐನಾರ್ ಗಿರಾಕಿಗಳೆದುರೇ ಕೂಗಾಡಿದ್ದ.

ಈಗ ಬ್ರಿಟಾ ಒಳಗೆ ಕಾಲಿಟ್ಟರೆ ಐನಾರ್ ಹಲಗೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ, ಸೀಡರಿನ ಹೊಗೆಯಲ್ಲಿ ನೆಂದ ಮುದುಕ.

“ಓದು ಇದನ್ನ, ಬ್ರಿಟಾ. ನನ್ನ ಕಣ್ಣು ಸರಿ ಇದೆಯೋ ಇಲ್ವೋ ಹೇಳು.”

ಮಾರ್ಲಿಸ್‌ಳ ನೆಟ್ಟಗಿನ ಅಕ್ಷರದಲ್ಲಿ ಹೀಗಿತ್ತು: “ಕಿರೀಟದ ಹಕ್ಕಿ, ಮಂಗಳವಾರ, ಐನಾರ್. ಅವನು ಹೇಳಿದ್ದು ಸರಿ. ಶುಕ್ರವಾರ ಹಳಿಯ ಬಳಿ, ಹದಿನಾಲ್ಕು ಮಕ್ಕಳು ಕೇಳಿದ್ದಾರೆ.”

“ಮಧ್ಯಾಹ್ನ ಬಂದ್ಲು, ಬರೆದ್ಲು, ಬಟ್ಟೇನ ಮಡಿಸಿ ಮೇಜಿನ ಮೇಲಿಟ್ಟು ಹೋದ್ಲು. ಬೈಲಿಲ್ಲ, ಕಾಫಿನೂ ಕುಡೀಲಿಲ್ಲ. ನಾನು ಗೆದ್ದಿದ್ದೀನಿ, ಸಂತೋಷವೇ ಆಗ್ತಿಲ್ಲ! ಹುಷಾರಿದ್ದಾಳಾ ಅವ್ಳು?”

“ಹದಿನಾಲ್ಕರಲ್ಲಿ ನಾನೂ ಇದ್ದೀನಿ,” ಎಂದಳು ಲಿನಿಯ.

“ಹಾಗಾದ್ರೆ ನಿಂಗೊಂದು ಮೀನು ಜಾಸ್ತಿ,” ಎಂದು ಐನಾರ್ ಕಾಗದ ಸುತ್ತಿದ.

ಮಾರ್ಲಿಸ್‌ಳ ಹೆಸರು ಆ ಸಾಲಿನಲ್ಲಿ ಇರಲಿಲ್ಲ. ಬ್ರಿಟಾಗೆ ಎಲ್ಲ ತಿಳಿಯಿತು: ಹಕ್ಕಿಯ ದನಿ ಆಕೆಗೆ ಕೇಳಿಸಿರಲಿಲ್ಲ. ಮನೆಗೆ ನಡೆಯುವಾಗ ಮಗಳ ಕೈಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದಿದ್ದಳು. ಸೋಮವಾರ ಇದೇ ಕೈ ಬಸ್ಸಿನಲ್ಲಿರುತ್ತದೆ, ಬಸ್ಸು ಹಳಿಯ ಬಳಿ. ಶಾಲೆಯ ಆಫೀಸಿಗೆ ಫೋನು ಮಾಡಿಬಿಡೋಣವೇ ಎಂದು ಯೋಚಿಸಿದಳು. ಮೂವತ್ತೊಂದು ವರ್ಷದ ತಾಯಿಯಾಗಿ ನೋಡಿದರೆ ಅದೇ ಸರಿ. ಆದರೆ ತನ್ನನ್ನು ಒಂದು ದಿನವೂ ಎಡವಲು ಬಿಡದೆ ಕರೆದೊಯ್ದು ತಂದವಳ ಬೆನ್ನ ಹಿಂದೆ ಮಾತಾಡುವುದು ಅವಳಿಂದಾಗಲಿಲ್ಲ. ರಾತ್ರಿಯ ಊಟವಾದ ಮೇಲೆ ಏಲಕ್ಕಿ ಹಾಕಿದ ಬ್ರೆಡ್ಡಿಗೆ ಹಿಟ್ಟು ನಾದಿಟ್ಟಳು.

ಶನಿವಾರ ಬೆಳಿಗ್ಗೆ ಮಾರ್ಲಿಸ್ ತನ್ನ ಅಂಗಳದಲ್ಲಿ ಬಸ್ಸಿನ ಮೈಗೆ ಅಂಟಿದ ರಸ್ತೆಯ ಉಪ್ಪನ್ನು ತೊಳೆಯುತ್ತಿದ್ದಳು. ಅರವತ್ತಮೂರರ ಗಟ್ಟಿ ಹೆಂಗಸು, ಮೊಣಕಾಲುದ್ದ ರಬ್ಬರ್ ಬೂಟು.

“ಬಾ, ಹುಡುಗಿ. ಬ್ರೆಡ್ಡು ತಂದಿದ್ದೀಯ ಅಂದ್ರೆ ದೂರೂ ತಂದಿದ್ದೀಯ. ನಿಮ್ಮಮ್ಮನ ಬುದ್ಧಿನೇ.”

“ದೂರಲ್ಲ. ಲಿನಿಯ ಒಂದು ಪ್ರಶ್ನೆ ಕೇಳಿದ್ಲು…”

“ನಂಗೆ ಕಿವಿ ಕೇಳಿಸಲ್ವಾ ಅಂತ ತಾನೇ?”

ಬ್ರಿಟಾ ಬ್ರೆಡ್ಡನ್ನು ಮನೆಯ ಮೆಟ್ಟಿಲ ಮೇಲಿಟ್ಟಳು.

“ಮುಂದಿನ ಸೀಟಲ್ಲಿ ಕೂತು ನನ್ನ ಮುಖ ಓದ್ತಾಳೆ ಅವ್ಳು. ನೀನೂ ಹಂಗೇ ಇದ್ದೆ.” ಮಾರ್ಲಿಸ್ ನಲ್ಲಿ ನಿಲ್ಲಿಸಿದಳು. “ಹದಿನಾಲ್ಕು ಕೈ ಒಟ್ಟಿಗೆ ಎದ್ದವು, ಬ್ರಿಟಾ. ಆ ಹಿಂದಿನ ಸೀಟಿನ ಪುಂಡರದ್ದೂ ಸೇರಿ. ನಂಗೆ ಬರೀ ಮರ, ಗಾಳಿ. ಆದ್ರೂ ಕನ್ನಡೀಲಿ ಆ ಕೈಗಳನ್ನ ನೋಡಿ ಎದೆ ತುಂಬಿ ಬಂತು. ನನ್ನ ಎರಡು ಕಿವಿ ಸವೆದ್ವು, ಬದಲಿಗೆ ಇಪ್ಪತ್ತೆಂಟು ತಯಾರಾಗಿವೆ. ಯಾವ ಮೇಷ್ಟ್ರು ಅಷ್ಟು ಕಲಿಸಿದ್ದಾರೆ ಹೇಳು?”

“ಯಾರೂ ಇಲ್ಲ,” ಎಂದಳು ಬ್ರಿಟಾ. ಅದು ನಿಜವೂ ಆಗಿತ್ತು. “ಆದ್ರೆ ರೈಲು? ಅದು ಕೇಳಿಸುತ್ತಲ್ವಾ?”

“ಕೇಳಿಸುತ್ತೆ. ಇವತ್ತು ಬೆಳಿಗ್ಗೆ ಹಳಿ ಹತ್ರ ಹೋಗಿ ಕೂತೇ ಕೇಳಿದ್ದೀನಿ. ಅದಿನ್ನೂ ದೂರದ ಹೊಳೆ ಸೇತುವೆ ಮೇಲಿದ್ದಾಗ್ಲೇ ಕೇಳಿಸ್ತು.”

“ಹಾಗಿದ್ರೆ ಕಾನೂನಿಗೆ ಅಷ್ಟು ಸಾಕಲ್ಲ?”

“ಕಾನೂನಿಗೆ ಐದು ಸೆಕೆಂಡೂ ಸಾಕಿತ್ತು. ನಂಗೆ ಸಾಕಾಗಿತ್ತಾ?” ಮಾರ್ಲಿಸ್ ಬ್ರಶ್ಶನ್ನು ಬಕೆಟ್ಟಿಗೆ ಎಸೆದಳು. “ಆ ಇನ್‌ಸ್ಪೆಕ್ಟರ್ ಮುಖಕ್ಕೆ ನಾನೇ ಹೇಳಿದ್ದು. ಮಕ್ಕಳೆದುರು ಹೇಳಿದ್ದು. ಅವತ್ತು ಅವನಿಗೊಂದು ಅಳತೆ, ಇವತ್ತು ನಂಗೊಂದು ಅಳತೆನಾ? ಆಗಸ್ಟಲ್ಲಿ ಲೈಸೆನ್ಸಿನ ಪರೀಕ್ಷೆಗೆ ಡಾಕ್ಟ್ರು ಐದು ಅಡಿ ಹಿಂದೆ ನಿಂತು ಪಿಸುಗುಡ್ತಾರೆ, ಅದನ್ನೇ ನಾನು ಮತ್ತೆ ಹೇಳ್ಬೇಕು. ಸರಿ ಹೇಳಿದ್ರೆ ಇನ್ನೆರಡು ವರ್ಷಕ್ಕೆ ಸಹಿ. ಆಗಸ್ಟ್ ತನಕ ಯಾಕೆ ಕಾಯ್ಬೇಕು? ಹಕ್ಕಿಯಂತೂ ತಪ್ಪಿತು, ಪಿಸುಮಾತೂ ತಪ್ಪಿದ್ರೆ ಸೋಮವಾರ ಬೆಳಿಗ್ಗೆನೇ ಬಸ್ಸಿನ ಬೀಗದಕೈ ಆಫೀಸಿಗೆ. ಕಿವಿಗೊಂದು ಯಂತ್ರ ಹಾಕಿಸ್ಕೊಂಡು, ಡಾಕ್ಟ್ರ ಹತ್ರ ಸಹಿ ಹಾಕಿಸ್ಕೊಂಡು, ತಲೆ ಎತ್ಕೊಂಡು ವಾಪಸ್ ಬರ್ತೀನಿ.”

ಹೇಳುತ್ತಲೇ ಬಸ್ಸಿನ ಹಿಂಬದಿಗೆ ನಡೆದು ಬೂಟಿನ ಹಿಮ್ಮಡಿಯಿಂದ ಕೆಸರಿನಲ್ಲಿ ಒಂದು ಗೆರೆ ಎಳೆದಳು. ಪಾದದ ಮುಂದೆ ಪಾದವಿಟ್ಟು ಐದು ಅಳೆದು ಇನ್ನೊಂದು ಗೆರೆ ಎಳೆದಳು. ಮೊದಲ ಗೆರೆಗೆ ಹೋಗಿ ಬ್ರಿಟಾಗೆ ಬೆನ್ನು ಮಾಡಿ ನಿಂತು, ಟೋಪಿ ತೆಗೆದು, ಒಂದು ಕಿವಿಗೆ ಬೆರಳಿಟ್ಟಳು. ಬಿಳಿ ಕೂದಲು ಗಾಳಿಗೆ ಎದ್ದು ನಿಂತಿತು.

“ಬ್ರೆಡ್ಡು ಆಮೇಲೆ. ಅದಕ್ಕೆ ಮುಂಚೆ ನಂಗೊಂದು ಉಪಕಾರ ಮಾಡು. ಆ ಗೆರೆ ಮೇಲೆ ನಿಂತು ಪಿಸುಗುಡು. ಹಕ್ಕಿ ಹೆಸರು ಬೇಡ, ಅವನ್ನ ನಾನು ಊಹಿಸಿಬಿಡ್ತೀನಿ. ಮನೆ ಮಾತು ಏನಾದ್ರೂ ಹೇಳು. ನಾನು ತಪ್ಪು ಹೇಳಿದ್ರೆ ತಪ್ಪು ಅಂತ್ಲೇ ಹೇಳ್ಬೇಕು, ಪಾಪ ಅನ್ನಬಾರ್ದು. ಮುಂದಿನ ಸೀಟಲ್ಲಿ ಕೂರೋದು ನಿನ್ನ ಮಗಳು. ಅದನ್ನ ನೆನಪಲ್ಲಿಟ್ಕೊಂಡು ಪಿಸುಗುಡು.”