ಮುಗಿದ ಪದಕ್ಕೊಂದು ಬಾಲ

ಹೊರಡುತ್ತೇನೆ ಎಂದು ಎದ್ದು ನಿಂತ ಮೇಲೆಯೇ ನನಗೆ ಮಾತು ಹುಟ್ಟುವುದು. ಕುಳಿತಿದ್ದಷ್ಟು ಹೊತ್ತು ಬಿಸಿಲು, ಹುಣಸೆಹಣ್ಣು ಎಂದು ಏನೇನೋ ಆಡಿ, ಚಪ್ಪಲಿ ಮೆಟ್ಟುವಾಗ 'ಅಂದಹಾಗೆ' ಎಂದು ಶುರುಮಾಡುತ್ತೇನೆ. ನನ್ನ ಗಂಡ ಸ್ಕೂಟರ್ ಚಾಲೂ ಮಾಡಿ, ಆರಿಸಿ, ಮತ್ತೆ ಚಾಲೂ ಮಾಡಿ, ಕೊನೆಗೆ ಇಳಿದು ಆ ಮನೆಯವರ ದಾಸವಾಳದ ಗಿಡವನ್ನು ನೋಡುತ್ತ ನಿಲ್ಲುತ್ತಾರೆ. ಮಧುಗಿರಿಯ ಅರ್ಧ ದಾಸವಾಳಗಳು ಅವರಿಗೆ ಪರಿಚಯ.

ಇದು ನನ್ನೊಬ್ಬಳ ದೋಷವಲ್ಲ, ಭಾಷೆಯದೂ ಇರಬಹುದು ಎಂದು ನಾನು ವಾದಿಸುವುದುಂಟು. ಕನ್ನಡದಲ್ಲಿ 'ಮನೆ' ಎಂದರೆ ಅಲ್ಲಿಗೆ ಮುಗಿಯಬೇಕಲ್ಲ? ಮುಗಿಯುವುದಿಲ್ಲ. ಮನೆಯಲ್ಲಿ, ಮನೆಯಲ್ಲಿದ್ದ, ಮನೆಯಲ್ಲಿದ್ದವರು, ಮನೆಯಲ್ಲಿದ್ದವರಿಗೆ, ಮನೆಯಲ್ಲಿದ್ದವರಿಗಾದರೂ... ಬಾಲಕ್ಕೆ ಬಾಲ ಕಟ್ಟಿಕೊಂಡು ಪದ ಹೊರಟೇಬಿಡುತ್ತದೆ. ಹಳೆಯ ಶಾಸನಗಳೂ ಹಾಗೆಯೇ. 'ಇದನ್ನು ಕೆಡಿಸಿದವನು ನರಕಕ್ಕೆ ಹೋಗಲಿ' ಎಂಬ ಶಾಪದ ಸಾಲು ಬಂದರೆ ಶಾಸನ ಮುಗಿಯಿತೆಂದು ಅರ್ಥ. ಆದರೆ ಶಾಪದ ಕೆಳಗೆ ಉಳಿದ ಅಂಗೈಯಗಲದ ಜಾಗದಲ್ಲಿ, ಬೇರೆ ಕೈಯ ಬೇರೆ ಅಕ್ಷರದಲ್ಲಿ, ಇನ್ಯಾರೋ ತಮ್ಮದೂ ಒಂದು ದಾನವನ್ನು ಕೊರೆಸಿರುವ ಕಲ್ಲನ್ನು ನಾನೇ ನೋಡಿದ್ದೇನೆ. ಆ ಪುಣ್ಯಾತ್ಮನೂ ಚಪ್ಪಲಿ ಮೆಟ್ಟುವಾಗ 'ಅಂದಹಾಗೆ' ಎನ್ನುತ್ತಿದ್ದನೇನೋ.

ನಾನು ಮಧುಗಿರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಕೊನೆಗೆ ಸೇರಿಸುವ ಈ ಕೆಲಸಕ್ಕೆ ನಮ್ಮಲ್ಲಿ 'ಅಪೆಂಡ್' ಎನ್ನುತ್ತಾರೆ. ಇರುವ ಫೈಲಿಗೆ, ಇರುವುದನ್ನು ಮುಟ್ಟದೆ, ಕೊನೆಯಲ್ಲಿ ಇನ್ನಷ್ಟನ್ನು ಸೇರಿಸುವುದು. ವರ್ಷಗಟ್ಟಲೆ ಇದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಮಕ್ಕಳು ವರ್ಷಗಟ್ಟಲೆ ಆಕಳಿಸಿದ್ದಾರೆ. ಅದರಲ್ಲಿ ಇಬ್ಬರು ಮನುಷ್ಯರು ಹಿಡಿಸುತ್ತಾರೆ ಎಂದು ನನಗೆ ಗೊತ್ತಾದದ್ದು ದೊಡ್ಡಮ್ಮನಿಂದ.

ನನ್ನ ಅಮ್ಮನ ಅಕ್ಕ ಹನುಮಕ್ಕ ಮಿಡಿಗೇಶಿಯವಳು. ಕೊನೆಯ ತಂಗಿ, ನನ್ನ ಚಿಕ್ಕಮ್ಮ ಲಕ್ಷ್ಮಕ್ಕನನ್ನು ಪಾವಗಡದ ಆಚೆ, ತೆಲುಗು ಮಾತಿನ ರಾಯಚರ್ಲಿಗೆ ಕೊಟ್ಟಿದ್ದರು. ನಡುವಿನವಳು ನನ್ನ ಅಮ್ಮ. ಬೇಸಿಗೆ ರಜೆಗೆ ನಾವು ಮಿಡಿಗೇಶಿಗೆ ಹೋದರೆ ಮೂವರೂ ಸೇರುತ್ತಿದ್ದರು. ಮಧ್ಯಾಹ್ನ ಇಳಿದು ಕೋಟೆಬೆಟ್ಟದ ನೆರಳು ಅಂಗಳಕ್ಕೆ ಬರುವ ಹೊತ್ತಿಗೆ ಬಿತ್ತನೆಯ ಕಡಲೆಕಾಯಿ ರಾಶಿ ಹಾಕಿಕೊಂಡು ಸುಲಿಯಲು ಕೂರುವರು. ಕೈ ಆಡತೊಡಗಿದರೆ ಬಾಯಿ ತಾನಾಗಿ ಹಾಡುತ್ತಿತ್ತು. ದೊಡ್ಡಮ್ಮ ಎತ್ತಿಕೊಟ್ಟರೆ ಉಳಿದಿಬ್ಬರು ಸೊಲ್ಲು ಸೇರಿಸುವರು. ಸುಲಿದ ಬೀಜ ತಿನ್ನಬಾರದೆಂಬ ಕಟ್ಟಪ್ಪಣೆ ನಮಗೆ. ಆದರೆ ಹಾಡು ಬಿಗಿಯಾದಾಗ ದೊಡ್ಡಮ್ಮ ಕಣ್ಣು ಮುಚ್ಚುತ್ತಿದ್ದಳು, ಆಗ ನಾವು ತಿನ್ನುತ್ತಿದ್ದೆವು. ಹಾಗಾಗಿ ನನಗೆ ಇವತ್ತಿಗೂ ಒಳ್ಳೆಯ ಹಾಡು ಕೇಳಿದರೆ ಹಸಿ ಕಡಲೆಬೀಜದ ರುಚಿ ಬರುತ್ತದೆ.

ಆ ಹಾಡುಗಳಲ್ಲಿ ದೊಡ್ಡದು ಚೆನ್ನವ್ವನ ಪದ. ತಪ್ಪಿಸಿಕೊಂಡ ಕೆಂದ ಹಸುವನ್ನು ಹುಡುಕುತ್ತ ಚೆನ್ನವ್ವ ಎಂಬ ಹುಡುಗಿ ಬೆಟ್ಟಗಳ ಆಚೆಗೆ ಹೋಗುತ್ತಾಳೆ. ಭಾಷೆಯೇ ಬೇರೆಯಾದ ಸೀಮೆಯಲ್ಲಿ ಹಸು ಕರು ಹಾಕಿಕೊಂಡು ಮಲಗಿರುತ್ತದೆ. ಹಸುವನ್ನೂ ಕರುವನ್ನೂ ಹೊಡೆದುಕೊಂಡು ಅವಳು ಮನೆಗೆ ಬರುತ್ತಾಳೆ. ಹೊಸಿಲಲ್ಲಿ ಆರತಿ ಎತ್ತುತ್ತಾರೆ. ಅಲ್ಲಿಗೆ ಮುಕ್ತಾಯ.

ಮುಕ್ತಾಯ ಎಂದು ಎಲ್ಲರೂ ತಿಳಿದಿದ್ದೆವು. ನೆಂಟರ ಒಂದು ಮದುವೆಯಲ್ಲಿ ದೊಡ್ಡಮ್ಮ ಆರತಿಯ ಸಾಲು ಹಾಡಿ ತಾಂಬೂಲಕ್ಕೆ ಕೈ ಹಾಕಿದಾಗ, ಚಿಕ್ಕಮ್ಮ ಪಕ್ಕದಿಂದ ಮೆಲ್ಲಗೆ ಎತ್ತಿಕೊಂಡಳು: "ಆರತಿ ಆರಿತು, ಬೆಳಗಿಗೆ ಎದ್ದಾಳೆ, ಬಂದಾ ದಾರೀಯ ಹಿಡಿದಾಳೆ." ಚೆನ್ನವ್ವ ಹಿಂದಿರುಗಿ ಆ ಸೀಮೆಗೇ ಹೊರಟಳು. ಅಲ್ಲೇ ಮನೆ ಕಟ್ಟಿ ತೆಲುಗಿನಲ್ಲಿ ಹೇಳಿದಳು: "ಇಕ್ಕಡೇ ನಾ ಇಲ್ಲು, ಇಕ್ಕಡೇ ನಾ ನೀಳ್ಳು." ಇಲ್ಲೇ ನನ್ನ ಮನೆ, ಇಲ್ಲೇ ನನ್ನ ನೀರು.

ಚಪ್ಪರದಲ್ಲಿ ಕೆಲವರು ತಲೆದೂಗಿದರು. ದೊಡ್ಡಮ್ಮ ತಲೆದೂಗಲಿಲ್ಲ.

"ಮುಗುದ್ ಪದಕ್ಕೆ ಬಾಲ ಕಟ್ಟಕ್ಕೆ ನೀನ್ಯಾರೇ?" ಎಂದಳು.

"ನಿಂಗ್ ಮುಗೀತು ಅಕ್ಕಾ. ನಂಗ್ ಮುಗೀಲಿಲ್ಲ," ಎಂದಳು ಚಿಕ್ಕಮ್ಮ.

ದೊಡ್ಡಮ್ಮ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದಳು. ಹೊರಗಿನವರಿಗೆ ಇದು ಹುಚ್ಚಾಗಿ ಕಾಣಬಹುದು. ಆದರೆ ತಾಯಿ ಬೇಗ ಹೋದ ಮನೆಯಲ್ಲಿ ಲಕ್ಷ್ಮಕ್ಕನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಹನುಮಕ್ಕ. ತಂಗಿಯ ಬಾಯಲ್ಲಿ 'ಇಲ್ಲೇ ನನ್ನ ಮನೆ' ಎಂಬ ಮಾತು ಅವಳಿಗೆ ಹಾಡಾಗಿ ಕೇಳಿಸಲಿಲ್ಲ. ಅಮ್ಮ ಬದುಕಿರುವವರೆಗೆ ಇಬ್ಬರ ಸುದ್ದಿಯೂ ನಮ್ಮ ಮನೆಯ ಮೂಲಕ ಆಚೀಚೆ ಹೋಗುತ್ತಿತ್ತು. ಅಮ್ಮ ಹೋದ ಮೇಲೆ ಆ ದಾರಿಯೂ ಮುಚ್ಚಿತು.

ಅಮ್ಮನ ದನಿ ನನ್ನಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ದೊಡ್ಡಮ್ಮನದಾದರೂ ಉಳಿಯಲೆಂದು ಈಚೆಗೆ ನಾನು ಮಿಡಿಗೇಶಿಗೆ ಹೋಗಿಬರತೊಡಗಿದೆ. ಫೋನು ಮುಂದಿಟ್ಟು "ಹಾಡು ದೊಡ್ಡಮ್ಮ" ಎಂದರೆ ಅವಳು ಫೋಟೋಕ್ಕೆ ಕೂತವಳಂತೆ ಬಿಗಿದುಕೊಂಡಳು.

"ಸುಮ್ಕೆ ಕೈ ಕಟ್ಕಂಡ್ ಕೂತ್ರೆ ಹೆಂಗ್ ಬತ್ತದಮ್ಮ?"

ಮಾರನೆಯ ಸಲ ಸಂತೆಯಿಂದ ಕಡಲೆಕಾಯಿ ಹೊತ್ತುಕೊಂಡು ಹೋದೆ. ಸುಲಿಯುತ್ತ ಸುಲಿಯುತ್ತ ಹಾಡು ಬಂತು. ಆದರೆ ಒಂದೇ ದಿನಕ್ಕೆ ಬರಲಿಲ್ಲ. ಅಷ್ಟು ಹಾಡಿ ನಿಲ್ಲಿಸುವಳು, ಮುಂದಿನ ವಾರ ನೆನಪಾದಲ್ಲಿಂದ ಮುಂದುವರಿಸುವಳು.

ತುಣುಕುಗಳು ಚೆಲ್ಲಾಪಿಲ್ಲಿಯಾಗಬಾರದೆಂದು ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಫೋನಿನಲ್ಲಿ ಹಿಡಿದ ಹಾಡು ಇಂಟರ್ನೆಟ್ಟಿನ ಮೂಲಕ ಹೋಗಿ, ಕ್ಲೌಡ್ ಎಂದು ಕರೆಯುವ ದೂರದ ಉಗ್ರಾಣದಲ್ಲಿರುವ ಒಂದೇ ಫೈಲಿನ ಕೊನೆಗೆ ಸೇರಿಕೊಳ್ಳಬೇಕು. ಉಗ್ರಾಣದ ಸಾಮಾನ್ಯ ಫೈಲುಗಳಿಗೆ ಹೀಗೆ ಚೂರು ಚೂರಾಗಿ ಸೇರಿಸಲು ಬರುವುದಿಲ್ಲ. ಒಂದಕ್ಷರ ಹೆಚ್ಚಾದರೂ ಇಡೀ ಫೈಲನ್ನು ಮತ್ತೆ ಕಳಿಸಬೇಕು. ಆದರೆ ಸೇರಿಸುವುದಕ್ಕೆಂದೇ ಇರುವ ಇನ್ನೊಂದು ಜಾತಿಯ ಫೈಲು ಉಂಟು. ಅದರಲ್ಲಿ ನಡುವೆ ತುರುಕಲಾಗದು, ಆಡಿದ್ದನ್ನು ತಿದ್ದಲಾಗದು. ಸೇರಿಸುವ ಮುನ್ನ ಕೊನೆ ಎಲ್ಲಿದೆಯೆಂದು ನಾವೇ ಹೇಳಬೇಕು. ನಾವು ಹೇಳಿದ ಕೊನೆಯೂ ಅಲ್ಲಿರುವ ಕೊನೆಯೂ ಒಂದೇ ಆದರೆ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಪಂಕ್ತಿಯಲ್ಲಿ ಬಡಿಸುವವರಂತೆ ಬಹಳ ಶಿಸ್ತು ಅದಕ್ಕೆ.

ಆರತಿಯವರೆಗೂ ಹಾಡು ಕೂಡಿದ ಮೇಲೆ ಸಂತೋಷ ತಡೆಯಲಾರದೆ ಚಿಕ್ಕಮ್ಮನ ಸೊಸೆ ಪದ್ಮಳಿಗೂ ಕಳಿಸಿದೆ. ಅತ್ತೆಗೆ ಕೇಳಿಸು ಎಂದಷ್ಟೇ ನಾನು ಹೇಳಿದ್ದು. ಎರಡು ದಿನ ಬಿಟ್ಟು ಪದ್ಮ ಫೋನು ಮಾಡಿದಳು. "ಅಕ್ಕಾ, ನಮ್ಮತ್ತೆ ಇನ್ನೂ ಐತೆ ಅಂತವ್ರೆ. ಇಲ್ಲಿಂದ ಸೇರಸಕ್ಕೆ ಆಗ್ತದಾ?" ಆಗುತ್ತದೆ ಎಂದು ಪ್ರೋಗ್ರಾಮನ್ನೂ ಅವಳ ಫೋನಿಗೆ ಕಳಿಸಿಕೊಟ್ಟೆ. ಮೇಷ್ಟರಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಟ್ಟೇ ಅಭ್ಯಾಸ. ಅದರಿಂದ ಏನಾಗಬಹುದೆಂದು ಯೋಚಿಸುವುದು ಆಮೇಲೆ.

ಮುಂದಿನ ವಾರ ದೊಡ್ಡಮ್ಮನಿಗೆ ಅವಳ ಹಾಡನ್ನೇ ಕೇಳಿಸುತ್ತಿದ್ದೆ. ತನ್ನ ದನಿ ಕೇಳಿ ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು. ಆರತಿ ಮುಗಿಯಿತು. ಅದರ ಬೆನ್ನಿಗೇ ಚಿಕ್ಕಮ್ಮನ ದನಿ ಬಂತು. ಆರತಿ ಆರಿತು, ಬೆಳಗಿಗೆ ಎದ್ದಾಳೆ.

ದೊಡ್ಡಮ್ಮನ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ನಿಂತಿತು. ಕೊನೆಯವರೆಗೂ ಕೇಳಿದಳು. "ಇವ್ಳನ್ನ ಯಾರು ಒಳಕ್ ಬುಟ್ಟಿದ್ದು?" ಎಂದಳು. ಆಮೇಲೆ, "ಅಳ್ಸಾಕು."

"ಅಳಿಸೋಕೆ ಬರಲ್ಲ ದೊಡ್ಡಮ್ಮ. ಅಳಿಸಿದರೆ ಇಡೀದೇ ಹೋಗುತ್ತೆ, ನಿಂದೂ ಹೋಗುತ್ತೆ. ಇದರಲ್ಲಿ ಕೊನೆಗೆ ಸೇರಿಸಬಹುದು ಅಷ್ಟೇ."

ಅವಳು ಸಿಪ್ಪೆಗಳನ್ನು ಒಂದು ಕಡೆಗೆ ಬಳಿದಳು. "ಅಂಗಾರೆ ನಂದೂ ಸೇರ್ಸು," ಎಂದು ಅಲ್ಲೇ ಕಟ್ಟಿ ಹಾಡಿದಳು. ಚೆನ್ನವ್ವನ ತಾಯಿ ಬುತ್ತಿ ಕಟ್ಟಿಕೊಂಡು ಹೋಗಿ ಮಗಳ ಕೈ ಹಿಡಿದು ಕರೆತಂದಳಂತೆ.

ಮೂರನೆಯ ದಿನ ರಾಯಚರ್ಲಿನಿಂದ ಉತ್ತರ ಬಂತು. ತಾಯಿ ಬಂದದ್ದು ನಿಜ, ಮಜ್ಜಿಗೆ ಕುಡಿದದ್ದೂ ನಿಜ, ಆದರೆ ಮಗಳ ಹಿತ್ತಿಲ ಅವರೆ ಚಪ್ಪರ ನೋಡಿ ಸುಮ್ಮನೆ ಹಿಂದಿರುಗಿದಳಂತೆ. ಅದಕ್ಕೆ ದೊಡ್ಡಮ್ಮ ಚೆನ್ನವ್ವನ ಅಣ್ಣನನ್ನು ಕಳಿಸಿದಳು. ಚಿಕ್ಕಮ್ಮ ಅಣ್ಣನಿಗೆ ಅಲ್ಲೇ ಒಂದು ಹೆಣ್ಣು ನೋಡಿ ಮದುವೆ ಮಾಡಿಬಿಟ್ಟಳು. ಈ ಏಟಿಗೆ ದೊಡ್ಡಮ್ಮ ಒಂದು ವಾರ ತಿಣುಕಿದಳು. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಪಕ್ಕದ ಮನೆಯವರ ಫೋನಿನಿಂದ ಕರೆ ಬರುತ್ತಿತ್ತು: "ಏನಾರ ಬಂತೇನಮ್ಮ ಆ ಕಡೆಯಿಂದ?" ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಎತ್ತುತ್ತಿರಲಿಲ್ಲ. ಮಾತು ಬಿಟ್ಟ ಮನೆಗಳ ನಡುವೆ ಗೋಡೆಯ ಮೇಲಿಂದ ಸಾರಿನ ಬಟ್ಟಲು ಓಡಾಡುವ ಹಾಗೆ ಹಾಡು ಓಡಾಡುತ್ತಿತ್ತು.

ಒಂದು ಸಂಜೆ ದೊಡ್ಡಮ್ಮ ಹಾಡಿದ್ದನ್ನು ಕಳಿಸಿದರೆ ಉಗ್ರಾಣ ಒಪ್ಪಲಿಲ್ಲ. ಮತ್ತೆ ಕಳಿಸಿದೆ. ಮತ್ತೆ ಇಲ್ಲವೆಂದಿತು.

"ಯಾಕಂತೆ?"

"ಕೊನೆ ನಾವು ಹೇಳಿದ ಕಡೆ ಇಲ್ವಂತೆ. ಮುಂದಕ್ಕೆ ಹೋಗಿದೆಯಂತೆ. ಅಂದರೆ ಇದೇ ಹೊತ್ತಲ್ಲಿ ಅಲ್ಲಿಂದ ಯಾರೋ ಸೇರಿಸ್ತಾ ಇದ್ದಾರೆ."

ಅವಳು ಫೋನನ್ನೇ ನೋಡಿದಳು. "ಅಂದ್ರೆ ಈಗ ಅವ್ಳು ಹಾಡ್ತಾ ಅವ್ಳಾ?"

"ಹೂಂ. ಈಗಲೇ."

ಬೀದಿಯಲ್ಲಿ ಮೇಕೆಗಳು ಮನೆಗೆ ಹೋಗುತ್ತಿದ್ದವು. ದೊಡ್ಡಮ್ಮ ಅವು ದಾಟಿ ಹೋಗುವವರೆಗೂ ಕಾದು, "ಬುಡು. ಅವ್ಳದ್ ಮುಗೀಲಿ," ಎಂದಳು. ಚಪ್ಪರದಿಂದ ಎದ್ದುಹೋದ ದಿನದಿಂದ ತಂಗಿಗೆ ಅವಳು ಬಿಟ್ಟುಕೊಟ್ಟ ಮೊದಲ ಸರದಿ ಅದು.

ಆಮೇಲೆ ಆ ಕಡೆ ಸದ್ದಿಲ್ಲದಾಯಿತು. ದೊಡ್ಡಮ್ಮ ತನ್ನದನ್ನು ಸೇರಿಸಿ ಕಾದಳು. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ನಾನು ದಿನಾ ನೋಡುತ್ತಿದ್ದೆ. ಫೈಲು ಎಷ್ಟಿತ್ತೋ ಅಷ್ಟೇ ಇತ್ತು. ಪದ್ಮಳಿಗೆ ಫೋನು ಮಾಡಿದರೆ ಅದೂ ಇದೂ ಹೇಳಿ ಕೊನೆಗೆ ಬಾಯಿ ಬಿಟ್ಟಳು. ಚಿಕ್ಕಮ್ಮನ ಗಂಟಲಲ್ಲಿ ಗಡ್ಡೆಯಾಗಿತ್ತು, ತುಮಕೂರಿನಲ್ಲಿ ಆಪರೇಷನ್ ಆಗಿತ್ತು. ಜೀವಕ್ಕೇನೂ ಭಯವಿಲ್ಲ. ಆದರೆ ದನಿ ಹೋಗಿದೆ, ಪಿಸುಮಾತಷ್ಟೇ ಉಳಿದಿದೆ. "ಯಾರಿಗೂ ಹೇಳ್ಬೇಡ ಅಂದವ್ರೆ ಅಕ್ಕಾ."

ನಾನು ದೊಡ್ಡಮ್ಮನಿಗೆ ಹೇಳಿದೆ. ಅವಳು ಅಳಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಳು. "ನಡಿ ಹೋಗಾನ," ಎಂದಳು.

ಪಾವಗಡದ ಬಸ್ಸಿನಲ್ಲಿ ಅವಳು ಕಿಟಕಿಯ ಕಂಬಿ ಹಿಡಿದು ಕೂತಳು. ಪಾವಗಡದಲ್ಲಿ ಇಳಿದು ಆಟೋ ಹಿಡಿದೆವು. ತಂಗಿಯ ಊರಿಗೆ ಅವಳು ಹಿಂದೆ ಬಂದಾಗ ದಾರಿಯುದ್ದಕ್ಕೂ ಕಡಲೆಕಾಯಿ ಹೊಲಗಳಿದ್ದವು. ಈಗ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು. "ಎಲ್ಲಾ ಯಾರ್ನೋ ಕಾಯ್ತಾ ನಿಂತಂಗೈತೆ," ಎಂದಳು ದೊಡ್ಡಮ್ಮ.

ಚಿಕ್ಕಮ್ಮ ಜಗಲಿಯ ಮೇಲೆ ಕೊರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಅಕ್ಕನನ್ನು ಕಂಡು ಏಳಹೋದಳು. ಬಾಯಿ ತೆರೆದಳು, ಗಾಳಿ ಮಾತ್ರ ಬಂತು. ನಾಚಿಕೆಯಾದವಳಂತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ದೊಡ್ಡಮ್ಮ ಪಕ್ಕದಲ್ಲಿ ಕೂತು ಆ ಸೆರಗನ್ನು ಕೆಳಗಿಳಿಸಿ, ಗಲ್ಲ ಎತ್ತಿ, ಬಟ್ಟೆ ಸರಿಸಿ ಗಾಯವನ್ನು ನೋಡಿದಳು. ಬಿದ್ದು ಬಂದ ಮಗುವಿನ ಮಂಡಿಯನ್ನು ನೋಡುವಂತೆ ನೋಡಿದಳು.

"ನನಗೊಂದ್ ಮಾತ್ ಹೇಳ್ಬಾರ್ದಾಗಿತ್ತೇನೇ?"

ಚಿಕ್ಕಮ್ಮನ ಕಣ್ಣು ತುಂಬಿ ಹರಿಯಿತು. ಪದ್ಮ ಕಾಫಿ ತಂದಳು. ಮೂಲೆಯಲ್ಲಿ ಸೊಪ್ಪಿನ ಕಟ್ಟು ಬಿದ್ದಿತ್ತು. ದೊಡ್ಡಮ್ಮ ಅದನ್ನು ಎಳೆದುಕೊಂಡು ಸೋಸತೊಡಗಿದಳು. ಕೈ ಆಡತೊಡಗಿತು. ಸ್ವಲ್ಪ ಹೊತ್ತಿನಲ್ಲಿ ದನಿ ಎದ್ದಿತು.

ನಾನು ತಾಯಿಯ ಸಾಲನ್ನೋ ಅಣ್ಣನ ಸಾಲನ್ನೋ ನಿರೀಕ್ಷಿಸಿದ್ದೆ. ಅವಳು ಎತ್ತಿಕೊಂಡದ್ದು, "ಆರತಿ ಆರಿತು, ಬೆಳಗಿಗೆ ಎದ್ದಾಳೆ." ಚೆನ್ನವ್ವನನ್ನು ತಾನೇ ದಾರಿ ಹಿಡಿಸಿ, ಬೆಟ್ಟ ದಾಟಿಸಿ, ಆ ಸೀಮೆಯಲ್ಲಿ ಬಿಟ್ಟಳು. ಚಿಕ್ಕಮ್ಮ ಉಸಿರು ಹಿಡಿದು ಕೇಳುತ್ತಿದ್ದಳು. ತೆಲುಗಿನ ಸಾಲು ಬಂತು. ಜನ್ಮದಲ್ಲಿ ತೆಲುಗಾಡದ ದೊಡ್ಡಮ್ಮ ಧೈರ್ಯವಾಗಿ ಹಾಡಿದಳು:

"ಇಕ್ಕಡೇ ನಾ ಇಲ್ಲು, ಇಕ್ಕಡೇ ನಾ ನೀರು..."

ಚಿಕ್ಕಮ್ಮ ಅವಳ ಮೊಣಕೈ ಮುಟ್ಟಿದಳು. ಪಿಸುಗುಟ್ಟಿದಳು. "ನೀಳ್ಳು."

"ಏನು?"

"ನೀರಲ್ಲಕ್ಕಾ. ನೀಳ್ಳು."

ದೊಡ್ಡಮ್ಮ ಸೊಪ್ಪಿನ ಕಡ್ಡಿ ಮುರಿಯುತ್ತ, "ನೀರೋ ನೀಳ್ಳೋ, ಕುಡುದ್ರೆ ಬಾಯಾರ್ಕೆ ಹೋಗಲ್ವೇನೇ?" ಎಂದಳು.

ಚಿಕ್ಕಮ್ಮ ಒಂದು ಗುಟುಕು ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು, ಇದ್ದಷ್ಟು ಗಾಳಿಯನ್ನೆಲ್ಲ ಕೂಡಿಸಿ ಹೇಳಿದಳು.

"ಹೋಗ್ತದೆ. ಪದ ಕೆಡ್ತದೆ."

ದೊಡ್ಡಮ್ಮ ಅವಳನ್ನೊಮ್ಮೆ ದುರುಗುಟ್ಟಿ ನೋಡಿ, ಸೊಪ್ಪನ್ನು ಪಕ್ಕಕ್ಕಿಟ್ಟು, ಆ ಸಾಲನ್ನು ತಿದ್ದಿಕೊಂಡು ಮತ್ತೆ ಹಾಡಿದಳು.