ಮೆಟ್ರಿಗೂ ಕಂಪ್ಲಿಗೂ ಒಂದೇ ಬಣ್ಣ

ಮೊನ್ನೆ ಪಕ್ಕದ ಮನೆಯವರು ಎಂಟು ಕೊಂಬಿನ ಹೊಸ ವೈ-ಫೈ ರೂಟರ್ ತಂದರು. ಅಂದಿನಿಂದ ನಮ್ಮ ನಾಲ್ಕು ಕೊಂಬಿನದು ಮಂಕಾಗಿ ಕೂತಿದೆ. ಮೇಲಿನ ಮಹಡಿಯವರು ಇನ್ನೂ ದೊಡ್ಡದಕ್ಕೆ ಆರ್ಡರ್ ಹಾಕಿದ್ದಾರಂತೆ. ಹೊಸಪೇಟೆಯ ನಮ್ಮ ಕಟ್ಟಡದಲ್ಲಿ ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ ಕೂಗುವುದಕ್ಕೇ ಪ್ರಗತಿ ಎಂದು ಹೆಸರು. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಯಾಕೆಂದರೆ, ನೋಡಿ, ಇದೇ ಬುದ್ಧಿವಂತಿಕೆಯನ್ನು ಒಂದು ಕಾಲಕ್ಕೆ ಸಂಬಳ ತೆಗೆದುಕೊಂಡು ಮಾಡಿದವನು ನಾನು.

ಆಗ ನಾನು ಒಂದು ಸಣ್ಣ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ಪ್ಲಾನಿಂಗ್ ಎಂಜಿನಿಯರ್. ಹುದ್ದೆಯ ಹೆಸರು ಘನವಾದದ್ದು, ಕೆಲಸ ಮಾತ್ರ ಒಂದನೇ ಕ್ಲಾಸಿನ ಚಿತ್ರಕಲೆಯದು. ಏಸಿ ಕೋಣೆಯಲ್ಲಿ ಕೂತು ನಕ್ಷೆಯ ಮೇಲಿನ ಒಂದೊಂದು ಟವರಿಗೂ ಬಣ್ಣ ತುಂಬಬೇಕು. ಬಣ್ಣವೆಂದರೆ ಚಾನೆಲ್. ಇದ್ದುದು ನಾಲ್ಕೇ ಬಣ್ಣ, ಊರುಗಳು ಹತ್ತಾರು. ಒಂದೇ ಬಣ್ಣವನ್ನು ಮತ್ತೆ ಮತ್ತೆ ಬಳಸದೆ ವಿಧಿಯಿಲ್ಲ, ಆದರೆ ಒಂದಕ್ಕೊಂದು ಕೇಳಿಸುವಂಥ ಎರಡು ಟವರುಗಳಿಗೆ ಅದನ್ನು ಕೊಡಕೂಡದು. ಕೊಟ್ಟರೆ ಒಂದರ ಮಾತು ಇನ್ನೊಂದರಲ್ಲಿ ಕಲಸಿಹೋಗುತ್ತದೆ. ಇದಕ್ಕೆ ಅಡಚಣೆಗಳೂ ಇದ್ದವೆನ್ನಿ. ಸಂಡೂರಿನ ಕಡೆ ಬೆಟ್ಟ ಅಡ್ಡ. ಹಂಪಿಯಲ್ಲಿ ಕಂಬ ನೆಡುವಂತಿಲ್ಲ. ಎತ್ತರದ ಜಾಗಗಳನ್ನೆಲ್ಲ ಅರಸರು ನಮಗಿಂತ ಮೊದಲೇ ಹಿಡಿದಿದ್ದರು, ಅವರಿಗೆ ದೂರದೃಷ್ಟಿ ಕಡಿಮೆ.

ಮೆಟ್ರಿಗೂ ಕಂಪ್ಲಿಗೂ ನಾನು ಹಸಿರು ಕೊಟ್ಟಿದ್ದೆ. ನಡುವೆ ಒಂದು ಬಂಡೆಗುಡ್ಡವಿತ್ತು, ಅದರ ಮರೆಯಲ್ಲಿ ಎರಡೂ ಸುಖವಾಗಿದ್ದವು. ಗುಡ್ಡ ತನ್ನ ಕೆಲಸವನ್ನು ನನಗಿಂತ ಪ್ರಾಮಾಣಿಕವಾಗಿ ಮಾಡುತ್ತಿತ್ತು.

ಆಮೇಲೆ ನಮ್ಮ ಮ್ಯಾನೇಜರಿಗೆ ಕಂಪ್ಲಿಯ ಗಿರಾಕಿಗಳ ಮೇಲೆ ಪ್ರೀತಿ ಉಕ್ಕಿತು. "ಅಕ್ಕಿ ಗಿರಣಿ ಮ್ಯಾಲಿನ ಕಂಬ ಎತ್ತರ ಮಾಡಸ್ರಿ. ಪವರ್ ಫುಲ್ ಇಡ್ರಿ. ದೂರದ ಮಂದಿಗೂ ಮುಟ್ಲಿ," ಎಂದರು.

ಕಂಬ ಹತ್ತುವ ಹುಲಿಗೆಪ್ಪ ನನ್ನನ್ನು ಪಕ್ಕಕ್ಕೆ ಕರೆದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಹಾಗಾಗಿ ವಿಷಯ ಬೇಗ ತಿಳಿಯುತ್ತಿತ್ತು.

"ಆಚಾರ್ರ, ಅಷ್ಟೆತ್ತರ ಹತ್ತಿದ್ರ ಗುಡ್ಡದಾಚಿ ಮೆಟ್ರಿ ಟವರ್ ನನ್ನ ಕಣ್ಣಿಗೆ ಕಾಣ್ತೈತ್ರಿ. ನನಗ ಕಂಡಿದ್ದು ಆಂಟೆನಾಕ್ಕ ಕಾಣಂಗಿಲ್ಲೇನು?"

ಕಾಣುತ್ತದೆಂದು ನನಗೆ ಗೊತ್ತಿತ್ತು. ಬಡ್ತಿಯ ಪಟ್ಟಿ ಮ್ಯಾನೇಜರ ಮೇಜಿನ ಮೇಲಿದೆಯೆಂಬುದೂ ಗೊತ್ತಿತ್ತು. "ನೋಡೋಣ ತಗೊ" ಎಂದು ಸಹಿ ಹಾಕಿದೆ. ಓದಿದವರು ತಪ್ಪು ಮಾಡುವುದಿಲ್ಲ, "ನೋಡೋಣ" ಎನ್ನುತ್ತಾರೆ.

ಕಂಬ ಎತ್ತರವಾದ ಮೇಲೆ ಮೆಟ್ರಿ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರದಿಂದ ಮೊದಲ ದೂರು ಬಂತು. ಮಾತಾಡಿದವರು ಅಲ್ಲಿನ ನರ್ಸ್ ರಾಜಮ್ಮ. "ಸಿಗ್ನಲ್ ಫುಲ್ ತೋರಸ್ತೈತ್ರಿ, ಫೋಟೋ ಮಾತ್ರ ಹೋಗವಲ್ದು."

"ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ ಸಿಸ್ಟರ್," ಎಂದೆ. ಹೀಗೆ ಮೂರು ವಾರ ಆ ಹೆಣ್ಣುಮಗಳಿಂದ ಆಫ್ ಆನ್ ಮಾಡಿಸಿದೆ. ವಿಜ್ಞಾನಕ್ಕೆ ಸಹನೆ ಬೇಕು. ಅದು ಬೇರೆಯವರದಾಗಿದ್ದರೆ ಇನ್ನೂ ಒಳ್ಳೆಯದು.

ನಾಲ್ಕನೇ ವಾರದ ಒಂದು ಮಧ್ಯಾಹ್ನ ಮತ್ತೆ ಫೋನ್ ಬಂತು. ಈ ಸಲ ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಗದ್ದೆ ಕೆಲಸದವನೊಬ್ಬ ಎದೆ ಹಿಡಿದುಕೊಂಡು ಬಂದಿದ್ದನಂತೆ. ಇಸಿಜಿ ತೆಗೆದು, ಅದರ ಫೋಟೋವನ್ನು ಹೊಸಪೇಟೆಯ ಡಾಕ್ಟರಿಗೆ ಕಳಿಸಲು ಕೂತರಂತೆ.

"ಇಪ್ಪತ್ತು ನಿಮಿಷ ಅದು ಗಿರಗಿರ ತಿರುಗೋದು ನೋಡ್ಕೋತ ಕುಂತೆರಿ. ಆಮ್ಯಾಲೆ ಟಂಟಂ ಗಾಡ್ಯಾಗ ಹಾಕ್ಕೊಂಡು ಕಂಪ್ಲಿಗೆ ಓಡಿದೆ. ಬದುಕ್ಯಾನ. ಆದ್ರ ಮೊದ್ಲ ಯಾಕ ಹೊಂಡಲಿಲ್ಲ ಅಂತ ನನಗ ನಿದ್ದಿ ಹತ್ತವಲ್ದು. ತಪ್ಪು ನಂದೇನ್ರಿ?"

ಈ ಸಲ ಆಫ್ ಮಾಡಿ ಆನ್ ಮಾಡ್ರಿ ಎನ್ನದೆ, ನಾನು ಸಹಿ ಹಾಕಿದ್ದ ನಕ್ಷೆಯನ್ನು ಹೊರಗೆ ತೆಗೆದೆ.

ಮರುದಿನ ಯಾರನ್ನೂ ಕೇಳದೆ ಹುಲಿಗೆಪ್ಪನನ್ನು ಕರೆದುಕೊಂಡು ಕಂಪ್ಲಿಗೆ ಹೋದೆ. ಪವರ್ ಇಳಿಸಿದೆವು, ಆಂಟೆನಾದ ಮುಖವನ್ನು ಊರಿನ ಕಡೆ ತಗ್ಗಿಸಿದೆವು. ಮೆಟ್ರಿಗೆ ನೀಲಿ ಕೊಟ್ಟೆ. ಅರ್ಧ ದಿನದ ಕೆಲಸ. ಅಲ್ಲಿಂದ ಆರೋಗ್ಯ ಕೇಂದ್ರಕ್ಕೆ ಹೋದೆ. ರಾಜಮ್ಮನವರು ಕಳಿಸಿದ ಫೋಟೋ ಕಣ್ಣು ಮಿಟುಕಿಸುವುದರಲ್ಲಿ ಹೋಯಿತು. ಅವರ ಮುಖ ಅರಳಿತು, "ಭಾಳ ಉಪಕಾರ ಆತ್ರಿ" ಎಂದರು. ಅಲ್ಲಿಗೇ ನಿಲ್ಲಿಸಿ, ಒಂದು ಚಹಾ ಕುಡಿದು, ದೇವರಂಥ ಮನುಷ್ಯ ಅನ್ನಿಸಿಕೊಂಡು ಬರಬಹುದಿತ್ತು.

"ತಪ್ಪು ನಿಮ್ದಲ್ಲ ಸಿಸ್ಟರ್, ನಂದು. ಹಿಂಗಾಗ್ತೈತಿ ಅಂತ ಗೊತ್ತಿದ್ದೇ ಸಹಿ ಹಾಕಿದ್ದೆ," ಎಂದೆ.

ಅವರು ಬೈಯಲಿಲ್ಲ. ಒಳಗೆ ಹೋಗಿ ಕೇಂದ್ರದ ದೂರು ಪುಸ್ತಕ ತಂದು ಮುಂದಿಟ್ಟರು.

"ಹಂಗಂತ ಬರದುಕೊಡ್ರಿ. ಬಾಯಿಮಾತು ಗಾಳ್ಯಾಗ ಹೋಗ್ತೈತಿ."

ಬರೆದುಕೊಟ್ಟೆ. ಅದರ ಪ್ರತಿ ಕಂಪನಿಗೂ ಹೋಯಿತು. ಅದೇ ಘಟನೆಗೆ 'ಹವಾಮಾನ ವೈಪರೀತ್ಯ' ಎಂದು ವರದಿ ಬರೆದ ಸಹೋದ್ಯೋಗಿಗೆ ಬಡ್ತಿ ಸಿಕ್ಕಿತು. ಆ ವಾರ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಈಗ ಬೇರೆ ಕಂಪನಿ, ಅದೇ ಬಣ್ಣ ತುಂಬುವ ಕೆಲಸ. ಹೋದ ವಾರ ದರೋಜಿ ಕಡೆಯ ಒಂದು ನಕ್ಷೆಗೆ ಸಹಿ ಕೇಳಿದರು. ಮೊದಲು ಊರುಗಳನ್ನು ನೋಡಿ ಬರುತ್ತೇನೆ, ಅಲ್ಲಿಯ ಜನ ಇದರಲ್ಲಿ ಏನೇನು ಕಳಿಸುತ್ತಾರೆಂದು ಕೇಳಿ ಬರುತ್ತೇನೆ ಎಂದೆ. ಹೊಸ ಮ್ಯಾನೇಜರು, ಚುರುಕಿನ ಹುಡುಗಿ, ಗಡಿಯಾರ ನೋಡಿದಳು.

"ಒಂದು ಸಹಿಗೆ ಮೂರು ದಿನ ಬೇಕೇನ್ರಿ ಸರ?"

"ಬೇಕ್ರಿ," ಎಂದೆ.